ಜೋಳದ ರೊಟ್ಟಿಗೆ ಸಿಕ್ಕ ಪೈಕ್

ಹಣೆಯ ಮೇಲೆ ಮೂರೆಳೆ ವಿಭೂತಿ, ತೋಳಿನಲ್ಲಿ ಕೂಸಿನ ಹಾಗೆ ಎತ್ತಿಕೊಂಡ ಭಾರಿ ಮೀನು. ಪಿನ್ನರಿನ ವೀರಣ್ಣನ ಇಂಥದೊಂದು ಫೋಟೋ ಆ ಫೆಬ್ರವರಿಯಲ್ಲಿ ವಾಯವ್ಯ ಲಂಡನ್ನಿನ ಕನ್ನಡಿಗರ ಫೋನುಗಳನ್ನೆಲ್ಲ ಒಂದು ಸುತ್ತು ಹಾಕಿಬಂತು. ಫೋಟೋ ಸುಳ್ಳಲ್ಲ. ವಿಭೂತಿಯೂ ನಿಜ, ಮೀನೂ ನಿಜ. ಇವೆರಡೂ ಒಂದೇ ಚೌಕಟ್ಟಿನೊಳಗೆ ಹೇಗೆ ಬಂದವು ಎಂಬುದನ್ನು ನ್ಯಾಯವಾಗಿ ಹೇಳಬೇಕಾದರೆ ಅಮೆರಿಕದಿಂದ ಶುರುಮಾಡಬೇಕು. ಎಷ್ಟೋ ಮನೆಗಳ ಜಗಳ ಈಗ ಅಲ್ಲಿಂದಲೇ ಶುರುವಾಗುತ್ತದೆ.

ವೀರಣ್ಣನ ಹೆಂಡತಿ ಮಹಾದೇವಿಯ ತಮ್ಮ ನಿತೀಶ ಇರುವುದು ವಿಸ್ಕಾನ್ಸಿನ್ನಿನಲ್ಲಿ. ಒಂದು ಭಾನುವಾರ ಬೆಳಿಗ್ಗೆ ಅವನು ಮನೆಯವರ ವಾಟ್ಸಾಪ್ ಗುಂಪಿಗೆ ಫೋಟೋ ಕಳಿಸಿದ. ದೋಣಿಯ ಮೇಲೆ ನಿತೀಶ, ಅವನ ಕೈಯಲ್ಲಿ ಅವನಷ್ಟೇ ಗಂಭೀರ ಮುಖದ ಉದ್ದನೆಯ ಮೀನು. ಕೆಳಗೆ ಬರೆದಿದ್ದ: "ಇದು ಮಸ್ಕಿ. ಹತ್ತು ಸಾವಿರ ಸಲ ಗಾಳ ಎಸೆದರೆ ಒಮ್ಮೆ ಸಿಗುವ ಮೀನು. ಹಿಡಿದು ಮತ್ತೆ ನೀರಿಗೆ ಬಿಟ್ಟೆ."

"ಮಸ್ಕಿ ಅಂದ್ರ ನಮ್ಮ ಲಿಂಗಸೂರ ಕಡೀ ಊರಲ್ಲೇನು?" ಎಂದಳು ವೀರಣ್ಣನ ತಾಯಿ ಚನ್ನಬಸವ್ವ. ವಿಜಯಪುರದಿಂದ ಮಗನ ಮನೆಗೆ ಬಂದು ಆಗಲೇ ಮೂರು ತಿಂಗಳಾಗಿತ್ತು. ಲಿಂಗಪೂಜೆ ಮುಗಿಯದೆ ಬಾಯಿಗೆ ನೀರು ಹಾಕುವವಳಲ್ಲ.

"ಮೀನ ಅತ್ತೀ ಅದು," ಎಂದಳು ಮಹಾದೇವಿ, ಫೋನನ್ನು ಎದೆಗೆ ಒತ್ತಿಕೊಂಡು. "ಹಿಡದು ಬಿಟ್ಟಾನ! ಅಷ್ಟ ದೊಡ್ಡದನ್ನ ಹಿಡದು ಬಿಡಬೇಕಂದ್ರ ಎಷ್ಟ ದೊಡ್ಡ ಮನಸ್ಸ ಬೇಕು, ಹೇಳ್ರಿ?"

ಏಳು ತಲೆಮಾರಿನಿಂದ ಮೊಟ್ಟೆಯನ್ನೂ ಮುಟ್ಟದ ಮನೆತನದಲ್ಲಿ ಒಬ್ಬ ಮೀನು ಹಿಡಿದದ್ದು ದೊಡ್ಡ ಮನಸ್ಸಿನ ಲೆಕ್ಕಕ್ಕೆ ಹೋದದ್ದನ್ನು ವೀರಣ್ಣ ಕುಳಿತು ನೋಡಿದ. ಅವನದು ಪಾರ್ಕ್ ರಾಯಲ್‌ನ ಒಂದು ಉಪ್ಪಿನಕಾಯಿ ಫ್ಯಾಕ್ಟರಿಯಲ್ಲಿ ತಪಾಸಣೆಯ ಕೆಲಸ. ಬಾಟಲಿಯ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡುವವನು. ಅಭ್ಯಾಸಬಲದಿಂದ ನೆಂಟರ ಮನೆಗೆ ಹೋದರೂ ಅವರ ಡಬ್ಬಿಗಳನ್ನು ಒತ್ತಿ ಬರುವವನು. ಇಂಥವನ ಸಾಧನೆಯನ್ನು ಯಾರೂ ಫೋಟೋ ತೆಗೆದು ಗುಂಪಿಗೆ ಹಾಕಿರಲಿಲ್ಲ.

"ಇದೇನ ಮಹಾ," ಎಂದುಬಿಟ್ಟ. "ಇದರ ಅಣ್ಣತಮ್ಮರು ಇಲ್ಲಿ ನಮ್ಮ ಲಂಡನ್ ಕೆರಿಯೊಳಗೂ ಅದಾವ. ಪೈಕ್ ಅಂತಾರ. ನಾನೂ ಹಿಡೀಬಲ್ಲೆ."

ಪೈಕ್ ಬಗ್ಗೆ ಅವನಿಗೆ ಗೊತ್ತಿದ್ದದ್ದೆಲ್ಲ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಪಕ್ಕದ ಮೇಜಿನವರು ಆಡಿದ ಮಾತು.

"ನೀವಾ?" ಎಂದಳು ಮಹಾದೇವಿ. "ಬಾತ್‌ರೂಮಿನ್ಯಾಗ ಜ್ಯಾಡ ಕಂಡ್ರ ಪ್ರಿಯಾಂಕಾನ್ನ ಕೂಗ್ತೀರಿ."

ಕಾಲೇಜಿನಲ್ಲಿ ಓದುತ್ತಿದ್ದ ಮಗಳು ಪ್ರಿಯಾಂಕಾ ತಲೆಯೆತ್ತದೆ, "ದಟ್ಸ್ ಟ್ರೂ, ಡ್ಯಾಡ್," ಎಂದು ಸಾಕ್ಷಿ ನುಡಿದಳು.

ಮಾತು ಆಡಿಯಾಗಿತ್ತು. ಆದರೆ ವೀರಣ್ಣನಿಗೆ ಕಳೆದುಕೊಳ್ಳಬಾರದ ವಸ್ತುವೊಂದಿತ್ತು. ಅದು ಹುಗ್ಗಿಯ ಸೌಟು.

ಪ್ರತಿ ಯುಗಾದಿಗೆ ಕನ್ನಡ ಕೂಟದವರು ಒಂದು ಶಾಲೆಯ ಹಾಲ್ ಬಾಡಿಗೆಗೆ ಹಿಡಿದು ದಾಸೋಹ ಮಾಡುತ್ತಿದ್ದರು. ಅದರಲ್ಲಿ ಗೋದಿಹುಗ್ಗಿ ಬಡಿಸುವುದು ವೀರಣ್ಣನ ಹಕ್ಕು. ಮೊಣಕೈಯುದ್ದದ ಆ ಸೌಟನ್ನು ಹಿಡಿದು ಅವನು ಹಂಡೆಯ ಹಿಂದೆ ನಿಂತನೆಂದರೆ ದೊಡ್ಡ ದೊಡ್ಡ ಆಸ್ಪತ್ರೆಗಳ ಕನ್ಸಲ್ಟೆಂಟ್ ಡಾಕ್ಟರುಗಳೂ ತಟ್ಟೆ ಚಾಚಿ ಮುಂದೆ ನಿಲ್ಲಬೇಕು. ಯಾರು ಸಾಕು ಎಂದರೆ ಸಾಕು, ಯಾರು ಸಾಕು ಎಂದರೆ ಇನ್ನೊಂದು ಸೌಟು ಎಂಬುದು ಅವನಿಗೆ ಮುಖ ನೋಡಿದರೆ ತಿಳಿಯುತ್ತಿತ್ತು. ವರ್ಷದಲ್ಲಿ ಅದೊಂದು ಮಧ್ಯಾಹ್ನ ಅವನು ಯಾವ ಮುಚ್ಚಳವನ್ನೂ ಒತ್ತುತ್ತಿರಲಿಲ್ಲ. ಮೀನು ಮುಟ್ಟಿದ ಕೈಗೆ ಆ ಸೌಟು ಕೊಡುತ್ತಾರೆಯೇ?

ಮೂರು ದಿನ ಯೋಚಿಸಿ ವೀರಣ್ಣ ಒಂದು ಉಪಾಯ ಕಂಡುಕೊಂಡ. ಮೀನು ಹಿಡಿಯಲು ಹೋಗುವುದು, ಹಿಡಿಯದೆ ಬರುವುದು. ಹೋದದ್ದರಿಂದ ಮಾನ ಉಳಿಯಿತು, ಹಿಡಿಯದ್ದರಿಂದ ಧರ್ಮ ಉಳಿಯಿತು. ಲೈಸೆನ್ಸು ಮಾಡಿಸಿ, ಗಾಳದ ಕೋಲು ಕೊಂಡು, ಬರಿಗೈಯಲ್ಲಿ ಮರಳಬೇಕೆಂಬ ದೃಢಸಂಕಲ್ಪದಿಂದ ಹೊರಟ ಬೇಟೆಗಾರ ಅವನಿಗಿಂತ ಮೊದಲು ಇನ್ನೊಬ್ಬನಿದ್ದನೋ ಇಲ್ಲವೋ, ನಮಗೆ ತಿಳಿಯದು.

ಗಾಳದ ಅಂಗಡಿಯವನು "ಇದನ್ನೂ ಒಯ್ಯಿರಿ" ಎಂದು ಒಂದು ಡಬ್ಬಿ ತೆರೆದ. ಒಳಗೆ ಬಿಳಿಯ ಹುಳುಗಳು ಮಿಜಿಮಿಜಿ ಎನ್ನುತ್ತಿದ್ದವು. ವೀರಣ್ಣ ಹೊರಗೆ ಹೋಗಿ ಬಸ್‌ಸ್ಟಾಪಿನ ಕಂಬ ಹಿಡಿದು "ಶಿವಶಿವಾ" ಎಂದು ಸುಧಾರಿಸಿಕೊಂಡ. ಮನೆಗೆ ಬಂದವನೇ ಯಾರೂ ಇಲ್ಲದಾಗ ಅಡುಗೆಮನೆಯ ಡಬ್ಬಿಯಿಂದ ಜೋಳದ ಹಿಟ್ಟು ತೆಗೆದು, ಬಿಸಿನೀರು ಹಾಕಿ ನಾದಿ, ಒಂದು ಉಂಡೆ ಮಾಡಿ ಜೇಬಿಗೆ ಹಾಕಿಕೊಂಡ.

ಶನಿವಾರ ಬೆಳಿಗ್ಗೆ ಅವನು ಹೋದದ್ದು ರೈಸ್ಲಿಪ್‌ನಿಂದ ಆಚೆ, ಒಂದು ಕ್ಲಬ್ಬಿನವರು ಮೀನು ತಂದು ಬಿಟ್ಟು ಸಾಕಿದ ಕೆರೆಗೆ. ಕೆರೆಯ ಕಾವಲಿಗೆ ಟೆರ್ರಿ ಎಂಬ ಮುದುಕನಿದ್ದ. ಮೊಣಕಾಲುದ್ದದ ರಬ್ಬರ್ ಬೂಟು, ಚಹಾದ ಕಪ್ಪು, ಹೊಸಬರೆಲ್ಲರ ಮೇಲೆ ಅನುಮಾನ.

"ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ," ಎಂದ ಟೆರ್ರಿ. "ಇಲ್ಲಿ ಹಿಡಿದದ್ದನ್ನು ಇಲ್ಲೇ ಬಿಡಬೇಕು. ಮನೆಗೆ ಒಯ್ದು ಕರಿ ಮಾಡುವ ಯೋಚನೆಯಿದ್ದರೆ ಇಲ್ಲಿಂದಲೇ ತಿರುಗಿ. ಒಂದು ಮೀನು ಒಯ್ದರೆ ಜನ್ಮಪೂರ್ತಿ ಬಹಿಷ್ಕಾರ."

"ನಾನು ಸಸ್ಯಾಹಾರಿ," ಎಂದ ವೀರಣ್ಣ.

ಟೆರ್ರಿಯ ಚಹಾ ಅರ್ಧಕ್ಕೇ ನಿಂತಿತು. "ಮತ್ತೆ ಯಾಕೆ ಬಂದಿರಿ?"

ವೀರಣ್ಣ ಹೊರಗಿನವರಿಗೆ ಸುಳ್ಳು ಹೇಳುವವನಲ್ಲ. ಯೋಚಿಸಿ ಹೇಳಿದ: "ಮನೆಯ ಕಾರಣಗಳಿಗಾಗಿ."

ಟೆರ್ರಿ ತಲೆಯಾಡಿಸಿದ. ಆ ದಂಡೆಯ ಮೇಲೆ ಕುಳಿತ ಗಂಡಸರಲ್ಲಿ ಮುಕ್ಕಾಲು ಪಾಲು ಅದೇ ಕಾರಣಕ್ಕೆ ಬಂದವರು. ಆದರೆ ಜೋಳದ ಉಂಡೆ ನೋಡಿ ಅವನಿಗೆ ನಗು ತಡೆಯಲಿಲ್ಲ. "ಪೈಕ್‌ಗೆ ಇದೇ? ಅದು ಹುಲಿ ಇದ್ದ ಹಾಗೆ. ಹುಲಿಗೆ ಯಾರಾದರೂ ರೊಟ್ಟಿ ಹಾಕುತ್ತಾರೆಯೇ?"

ವೀರಣ್ಣನಿಗೆ ಇದಕ್ಕಿಂತ ಸಂತೋಷದ ಸುದ್ದಿ ಇನ್ನೊಂದಿರಲಿಲ್ಲ. ಶೇಂಗಾ ಗಾತ್ರದ ಉಂಡೆಯನ್ನು ಕೊಕ್ಕೆಗೆ ಚುಚ್ಚಿ, ನೀರಿಗೆ ಬಿಟ್ಟು, ನೆಮ್ಮದಿಯಾಗಿ ಕುಳಿತ. ಚಳಿ ಅಷ್ಟಿರಲಿಲ್ಲ. ಚಕ್ಕುಲಿ ತೆಗೆದು ಬಾಯಿಗಿಟ್ಟುಕೊಂಡ. ಅಷ್ಟರಲ್ಲಿ ದಾರ ಅಲುಗಿತು.

ಹುಲಿ ರೊಟ್ಟಿ ತಿನ್ನುವುದಿಲ್ಲ, ಸರಿ. ಆದರೆ ಆಡು ತಿನ್ನುತ್ತದೆ. ಅಂಗೈಯಗಲದ ಬೆಳ್ಳಿಬಣ್ಣದ ರೋಚ್ ಮೀನೊಂದು ಜೋಳದ ರುಚಿಗೆ ಮಾರುಹೋಗಿ ಕೊಕ್ಕೆ ಕಚ್ಚಿತು. ಹೆದರಿದ ವೀರಣ್ಣ ಅದನ್ನು ಬಿಡಿಸಿ ಕಳಿಸೋಣವೆಂದು ಮೆಲ್ಲಗೆ ಎಳೆಯುತ್ತಿದ್ದಾಗ ನೀರು ಒಮ್ಮೆಲೇ ಸೀಳಿತು. ರೋಚ್‌ನ ಮೇಲೆ ಏನೋ ಬಿತ್ತು. ಕೋಲು ಬಿಲ್ಲಾಯಿತು. ವೀರಣ್ಣ ಚಕ್ಕುಲಿ ಬಾಯಲ್ಲಿಟ್ಟುಕೊಂಡೇ ಕೂಗಿದ. ಕೂಗಿದ್ದೇನೆಂದು ಅವನಿಗೂ ತಿಳಿಯಲಿಲ್ಲ.

ಟೆರ್ರಿ ಬಲೆ ಹಿಡಿದು ಓಡಿಬಂದ. "ಎಳೆಯಬೇಡಿ! ಬಿಡಲೂ ಬೇಡಿ! ಅದಕ್ಕೆ ಕೊಕ್ಕೆ ತಾಗಿಲ್ಲ, ಬರೀ ಹಟಕ್ಕೆ ಕಚ್ಚಿಕೊಂಡಿದೆ!"

ಹಾಗೇ ಆಗಿತ್ತು. ಬಾಯಿ ಬಿಟ್ಟಿದ್ದರೆ ಪೈಕ್ ಅಲ್ಲಿಂದಲೇ ಪಾರಾಗುತ್ತಿತ್ತು. ಸಿಕ್ಕ ತುತ್ತನ್ನು ಬಿಡಲಾರೆನೆಂದು ಅದು ಬಲೆಯೊಳಕ್ಕೇ ಬಂತು. ದಂಡೆಯ ಮೇಲಿನ ಒದ್ದೆ ಚಾಪೆಗೆ ಬಂದ ಮೇಲೆ ಬಾಯಿ ತೆರೆಯಿತು, ರೋಚ್ ಹೊರಗೆ ಬಿತ್ತು. ಟೆರ್ರಿ ಅದರ ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟ. ಅದು ಅಡ್ಡಡ್ಡ ಈಜುತ್ತ ಹೋಯಿತು.

"ಇವಳು ಡೋರೀನ್!" ಎಂದ ಟೆರ್ರಿ. "ಬಾಲದ ಮೇಲೆ ಈ ಕಚ್ಚು ನೋಡಿ. ಎರಡು ವರ್ಷದಿಂದ ಯಾರ ಕೈಗೂ ಸಿಕ್ಕಿರಲಿಲ್ಲ. ಕಚ್ಚಿದ್ದನ್ನು ಬಿಡುವುದಿಲ್ಲ ಅಂತ ನಾನೇ ನನ್ನ ಅತ್ತೆಯ ಹೆಸರಿಟ್ಟದ್ದು. ಎತ್ತಿಕೊಳ್ಳಿ, ಫೋಟೋ!"

ಆ ಒಂದು ಗಳಿಗೆ ವೀರಣ್ಣ ಮಾನ, ಧರ್ಮ, ಸೌಟು ಎಲ್ಲ ಮರೆತ. ಅವನ ಮುಖ ಫೋಟೋದಲ್ಲಿ ಹೊಳೆದ ಹಾಗೆ ಮದುವೆಯ ಫೋಟೋದಲ್ಲೂ ಹೊಳೆದಿರಲಿಲ್ಲ. ಅದು ಮುಂದೆ ಮನೆಯಲ್ಲಿ ಬೇರೆಯೇ ಒಂದು ಚರ್ಚೆಗೆ ಕಾರಣವಾಯಿತು. ಆಮೇಲೆ ಡೋರೀನ್‌ಳನ್ನು ನೀರಿಗೆ ಇಳಿಸಿದ. ಅವಳು ಬಾಲದಿಂದ ಅವನ ಮುಖಕ್ಕೆ ನೀರು ಹಾರಿಸಿ ಹೋದಳು. ವಿಭೂತಿ ತೊಳೆದುಹೋಯಿತು.

ಮನೆಗೆ ಬಂದಾಗ ಚನ್ನಬಸವ್ವ ಸಂಜೆಯ ಪೂಜೆಗೆ ಕುಳಿತಿದ್ದಳು. ತಾಯಿಯ ಬೆನ್ನು ಕಂಡೊಡನೆ ವೀರಣ್ಣನ ಹೆಮ್ಮೆಯೆಲ್ಲ ಕಾಲುಚೀಲಕ್ಕೆ ಇಳಿಯಿತು.

"ಏನರೆ ಸಿಕ್ತೇನ್ರಿ?" ಎಂದಳು ಮಹಾದೇವಿ.

"ಥಂಡಿ ಸಿಕ್ತು," ಎಂದು ವೀರಣ್ಣ ಸ್ನಾನಕ್ಕೆ ಹೋದ.

ಇಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಟೆರ್ರಿ ಫೋಟೋವನ್ನು ಕ್ಲಬ್ಬಿನ ಪುಟಕ್ಕೆ ಹಾಕಿದ. ಕ್ಲಬ್ಬಿನ ಸದಸ್ಯನೊಬ್ಬ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ಅವನು ಅದನ್ನು ಪಕ್ಕದ ವಾರ್ಡಿನ ಡಾಕ್ಟರ್ ರಾಮಪ್ರಸಾದರಿಗೆ ತೋರಿಸಿ, "ಇವರು ನಿಮ್ಮವರೇ?" ಎಂದು ಕೇಳಿದ. ಮೈಸೂರಿನ ರಾಮಪ್ರಸಾದರು ಕನ್ನಡ ಕೂಟದ ಅಧ್ಯಕ್ಷರು. "ಹಿಡಿದು ಬಿಟ್ಟ ಸಸ್ಯಾಹಾರಿ" ಎಂದು ಟೆರ್ರಿ ಫೋಟೋದ ಕೆಳಗೆ ಬರೆದಿದ್ದ. ಆ ಸಾಲು ಫೋನಿನಿಂದ ಫೋನಿಗೆ ಹಾರುವಾಗ ಕೆಳಗೆ ಬಿದ್ದುಹೋಯಿತು. ಉಳಿದದ್ದು ವಿಭೂತಿ, ಮೀನು, ಮತ್ತು ಆ ಹೊಳೆಯುವ ಮುಖ.

ಸುದ್ದಿ ಪಿನ್ನರಿನಲ್ಲಿ "ವೀರಣ್ಣ ಮೀನು ಹಿಡಿದನಂತೆ" ಎಂದು ಹೊರಟದ್ದು ಹ್ಯಾರೋ ದಾಟುವಾಗ "ಮೀನು ತಿನ್ನುತ್ತಾನಂತೆ" ಎಂದಾಯಿತು. ಸೌತ್‌ಹಾಲ್‌ನ ತರಕಾರಿ ಅಂಗಡಿಯಲ್ಲಿ ಮೆಂತ್ಯದ ಸೂಡು ಆರಿಸುತ್ತಿದ್ದ ಕೂಟದ ಹಿರಿಯಳು ಕಾಶವ್ವನ ಕಿವಿಗೆ ಬೀಳುವಷ್ಟರಲ್ಲಿ ಅದು "ಫ್ಯಾಕ್ಟರಿ ಬಿಟ್ಟು ಮೀನಿನಂಗಡಿ ಇಟ್ಟಾನಂತ" ಎಂಬ ಮಟ್ಟಕ್ಕೆ ಬೆಳೆದಿತ್ತು. ಕಾರವಾರದ ಒಬ್ಬ ಹೆಣ್ಣುಮಗಳು ವೀರಣ್ಣನಿಗೇ ಫೋನು ಮಾಡಿ, ಬಂಗಡೆ ಮನೆಗೆ ತಂದುಕೊಡುತ್ತೀರಾ ಎಂದು ಕೇಳಿದಳು. ಅವನು ಎಷ್ಟೇ ಇಲ್ಲವೆಂದರೂ, "ಹಾಗಾದ್ರೆ ಸಿಗಡಿಯಾದ್ರೂ?" ಎಂದಳು.

ಮಹಾದೇವಿ ಫೋಟೋ ನೋಡಿದಳು. ಬೆರಳಿನಿಂದ ಮೀನನ್ನು ದೊಡ್ಡದು ಮಾಡಿ ನೋಡಿದಳು.

"ಥಂಡಿ ಭಾಳ ದಪ್ಪ ಅದ ಅಲ್ರೀ," ಎಂದಳು.

"ಯವ್ವಗ ಗೊತ್ತಾಗೂದು ಬ್ಯಾಡ," ಎಂದ ವೀರಣ್ಣ. "ಆಕಿ ಎದಿ ಒಡ್ಕೋತಾಳ."

ಯುಗಾದಿಗೆ ಇನ್ನು ಎರಡು ವಾರವಿದೆ ಎನ್ನುವಾಗ ರಾಮಪ್ರಸಾದರ ಮನೆಯಲ್ಲಿ ಸಮಿತಿ ಸೇರಿತು. ಅಡುಗೆ ವಿಭಾಗದ ಮುಖ್ಯಸ್ಥೆ ಕಾಶವ್ವ ಕಲಬುರಗಿಯವಳು. ಆಕೆ ಸೋಫಾದ ನಡುವೆ ಕುಳಿತಿದ್ದಳು. ಅವಳ ಎರಡೂ ಬದಿಗೆ ಉಳಿದವರು ಉಳಿದ ಜಾಗದಲ್ಲಿ ಕುಳಿತಿದ್ದರು.

"ನೋಡಿ ವೀರಣ್ಣನವರೇ, ಇದು ವಿಚಾರಣೆ ಅಲ್ಲ," ಎಂದರು ರಾಮಪ್ರಸಾದರು, ರೋಗಿಗೆ ಕೆಟ್ಟ ಸುದ್ದಿ ಹೇಳುವ ಮೃದು ದನಿಯಲ್ಲಿ. "ಈ ವರ್ಷ ನೀವು ಸ್ವಲ್ಪ ರೆಸ್ಟ್ ತಗೊಳ್ಳಿ ಅಂತ ಅಷ್ಟೇ. ಪಾರ್ಕಿಂಗ್ ನೋಡ್ಕೊಳ್ಳಿ. ಅದೂ ಸೇವೆನೇ."

ಪಾರ್ಕಿಂಗ್! ವೀರಣ್ಣನ ಬಲಗೈ ತಾನೇ ತಾನಾಗಿ ಇಲ್ಲದ ಸೌಟನ್ನು ಹಿಡಿದುಕೊಂಡಿತು.

"ನಾ ತಿಂದಿಲ್ರೀ. ಹಿಡದು ಬಿಟ್ಟೀನಿ."

"ಬಿಟ್ಟಿದ್ದಕ್ಕ ಫೋಟೋ ಎಲ್ಲದ?" ಎಂದಳು ಕಾಶವ್ವ. "ಹಿಡದಿದ್ದಕ್ಕ ಅದ. ಬಿಟ್ಟಿದ್ದಕ್ಕ ಇಲ್ಲ. ಮೀನ ಹಿಡಿಯಾಕ ಏನ ಹಾಕಿದಿ, ಹುಳಾ?"

"ಜ್ವಾಳದ ಹಿಟ್ಟು."

ಸೋಫಾ ನಡುಗುವಂತೆ ಕಾಶವ್ವ ನಕ್ಕಳು. "ಕೇಳ್ರಿಪ್ಪಾ! ರಾಕ್ಷಸನಂಥಾ ಮೀನು ಜ್ವಾಳದ ಹಿಟ್ಟಿಗೆ ಬಂತಂತ!"

ಇಲ್ಲಿ ಸುಮ್ಮನಿದ್ದಿದ್ದರೆ ವೀರಣ್ಣ ಬರೀ ಸುಳ್ಳನೆನಿಸಿಕೊಂಡು ಉಳಿಯುತ್ತಿದ್ದ. ಆದರೆ ಮುಚ್ಚಳ ಸಡಿಲವಿದ್ದರೆ ಅವನಿಗೆ ನಿದ್ದೆ ಬರುವುದಿಲ್ಲ. "ಹಿಟ್ಟಿಗೆ ಬಂದದ್ದು ಬ್ಯಾರೆ ಸಣ್ಣ ಮೀನರೀ," ಎಂದು ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟ. "ಅದನ್ನ ತಿನ್ನಾಕ ದೊಡ್ಡದು ಬಂತು."

ಡಾಕ್ಟರು ಎರಡು ಬೆರಳು ಎತ್ತಿದರು.

"ಅಂದ್ರೆ ಎರಡು ಮೀನು," ಎಂದರು ರಾಮಪ್ರಸಾದರು.

"ಸಣ್ಣದು ಬದುಕಿತ್ತೇನು?" ಎಂದಳು ಕಾಶವ್ವ.

"ಅಡ್ಡಡ್ಡ ಈಸ್ಕೋತ ಹೋತ್ರಿ," ಎಂದ ವೀರಣ್ಣ. ಅದರ ಚಿಂತೆ ಅವನಿಗೆ ಆ ದಿನದಿಂದಲೂ ಇತ್ತು.

ಮುಂದಿನ ಒಂದು ಗಂಟೆ ಸಮಿತಿ ಆಳವಾದ ಧರ್ಮಸೂಕ್ಷ್ಮಕ್ಕೆ ಇಳಿಯಿತು. ಮೀನು ಮೀನನ್ನು ತಿನ್ನಲು ಬಂದರೆ ಪಾಪ ಯಾರದು? ಮೂಲ ಕಾರಣ ಹಿಟ್ಟಾದ್ದರಿಂದ ಹಿಟ್ಟು ಮಾರಿದವನಿಗೂ ಪಾಲಿದೆಯೇ? ಆ ಹಿಟ್ಟು ಸೌತ್‌ಹಾಲ್‌ನ ಅದೇ ಅಂಗಡಿಯದು, ತಾನೂ ಅಲ್ಲಿಂದಲೇ ತರುವುದು ಎಂದು ನೆನಪಾಗಿ ಕಾಶವ್ವ ಚರ್ಚೆಯನ್ನು ಅಲ್ಲಿಗೇ ನಿಲ್ಲಿಸಿದಳು.

"ಮಾತು ಸಾಕು," ಎಂದಳು. "ನಡೀರಿ ಕೆರಿಗೆ. ಆ ಮೀನು ಜೀವಂತ ಅದನೋ ಇಲ್ಲೋ ಕಣ್ಣಾರೆ ನೋಡೂಣು. ಇದ್ರ ಸೌಟು ಇವನದು. ಇಲ್ದಿದ್ರ ಪಾರ್ಕಿಂಗ್."

ಹೀಗೆ ಮುಂದಿನ ಭಾನುವಾರ ಎರಡು ಕಾರು ತುಂಬಿ ಸಮಿತಿ ಕೆರೆಗೆ ಬಂತು. ಕಾಶವ್ವನ ಇಳಕಲ್ ಸೀರೆಯ ಮೇಲೆ ಉಬ್ಬಿದ ಜಾಕೆಟ್ಟು, ಕಾಲಿಗೆ ಮೊಮ್ಮಗನ ಬೂಟು. ತಾಯಿ ಒಬ್ಬಳನ್ನೇ ಬಿಟ್ಟುಬರುವ ಹಾಗಿಲ್ಲ, ಆದ್ದರಿಂದ ವೀರಣ್ಣ "ಹಳದಿ ಹೂವು ಅರಳ್ಯಾವ, ನೋಡಾಕ ಹೊಂಟೇವಿ" ಎಂದು ಹೇಳಿ ಚನ್ನಬಸವ್ವನನ್ನೂ ಕರೆತಂದಿದ್ದ. ಮಹಾದೇವಿ ದೂರದಲ್ಲಿ ಮಡಚುವ ಕುರ್ಚಿ ಹಾಕಿ ಅವಳನ್ನು ಹೂವಿನ ಕಡೆಗೆ ಮುಖ ಮಾಡಿ ಕೂರಿಸಿದಳು.

"ಮೀನು ತೋರಿಸಬೇಕೇ?" ಎಂದ ಟೆರ್ರಿ. "ಇದು ಕೆರೆ, ಗಾಜಿನ ಪೆಟ್ಟಿಗೆಯಲ್ಲ. ಅವಳನ್ನು ನೋಡಬೇಕೆಂದರೆ ಮತ್ತೆ ಹಿಡಿಯಬೇಕು. ಅದೂ ಈ ತಿಂಗಳೊಳಗೆ. ಆಮೇಲೆ ಪೈಕ್ ಮೊಟ್ಟೆಯಿಡುವ ಕಾಲ, ಹಿಡಿಯುವ ಹಾಗಿಲ್ಲ."

ಸಮಿತಿ ಮುಖ ಮುಖ ನೋಡಿಕೊಂಡಿತು. ಹಿಡಿದ ಮೀನನ್ನು ತಿಂದಿಲ್ಲವೆಂದು ತೋರಿಸಲು ವೀರಣ್ಣ ಈಗ ಮತ್ತೆ ಮೀನು ಹಿಡಿಯಬೇಕು. ರಾಮಪ್ರಸಾದರು ಗಂಟಲು ಸರಿಮಾಡಿಕೊಂಡು, "ತನಿಖೆಯ ಉದ್ದೇಶಕ್ಕೆ ಮಾತ್ರ," ಎಂದು ಅಪ್ಪಣೆ ಕೊಟ್ಟರು.

ವೀರಣ್ಣ ಜೇಬಿನಿಂದ ಉಂಡೆ ತೆಗೆದ. ಅದು ಪುಡಿಪುಡಿಯಾಯಿತು.

"ಇದೇನ ನಾದೂದು? ನಿನ್ನ ಹೆಂಡ್ತಿ ಇದನ್ನ ತಿನ್ನಿಸ್ತಾಳೇನು?" ಎನ್ನುತ್ತ ಕಾಶವ್ವ ತೋಳು ಏರಿಸಿದಳು. ಟೆರ್ರಿಯ ಚಹಾದ ಬಿಸಿನೀರು ತರಿಸಿ, ಬೆಂಚಿನ ಮೇಲೆ ಕುಳಿತು, ಅಂಗೈಯಿಂದ ತಿಕ್ಕಿ ತಿಕ್ಕಿ ನಾದಿ, ಬೆಣ್ಣೆಯಂಥ ಉಂಡೆ ಮಾಡಿಕೊಟ್ಟಳು. "ಈಗ ಹಾಕು. ಇದಕ್ಕ ಬರ್ಲಿಲ್ಲಂದ್ರ ನನ್ನ ಹೆಸರ ಕಾಶವ್ವ ಅಲ್ಲ."

ಒಂದು ಗಂಟೆ ಏನೂ ಆಗಲಿಲ್ಲ. ಸಮಿತಿ ಅವಲಕ್ಕಿ ತಿಂದಿತು. "ಇನ್ನೂ ಸ್ವಲ್ಪ ಎಡಗಡೆ ಎಸೀರಿ" ಎಂದು ರಾಮಪ್ರಸಾದರು ಸಲಹೆ ಕೊಡತೊಡಗಿದರು. ಅವರು ಗಾಳ ನೋಡಿದ್ದು ಅಂದೇ ಮೊದಲು.

ದಾರ ಅಲುಗಿತು. ವೀರಣ್ಣ ಎತ್ತಿದ. ಬೆಳ್ಳಿಯ ರೋಚ್ ಮಿಂಚಿತು, ಅದರ ಹಿಂದೆಯೇ ನೀರು ಸೀಳಿತು. ಕೋಲು ಬಿಲ್ಲಾಯಿತು.

ಆಮೇಲೆ ದಂಡೆಯ ಮೇಲೆ ಕೇಳಿಬಂದ ಮಾತುಗಳನ್ನು ಕೂಟದ ನಡಾವಳಿಯಲ್ಲಿ ಬರೆದುಕೊಳ್ಳಲಿಲ್ಲ.

"ಬಿಡಬ್ಯಾಡೋ!" ಎಂದು ಕಾಶವ್ವ ಚೀರಿದಳು. "ವೀರಣ್ಣಾ, ಬಿಟ್ಟಿಯಂದ್ರ ನೋಡು! ಹಿಡೀ! ಹಿಡೀ!"

"ಡಾಕ್ಟರೇ, ಬಲೆ!" ಎಂದ ಟೆರ್ರಿ. ಅಧ್ಯಕ್ಷರು ಹೊಳೆಯುವ ಬೂಟು ಸಮೇತ ಮೊಣಕಾಲುಮಟ್ಟ ನೀರಿಗಿಳಿದು ಬಲೆ ಚಾಚಿದರು. "ಬಂತು! ಬಂತು! ಅಯ್ಯೋ ಹೋಯ್ತು! ಇಲ್ಲ, ಬಂತು!" ಎಂದು ಅವರು ಕೂಗಿದ ರೀತಿ ಕೇಳಿದ್ದರೆ ಅವರ ರೋಗಿಗಳು ಬೇರೆ ಡಾಕ್ಟರನ್ನು ಹುಡುಕುತ್ತಿದ್ದರು.

ಪೈಕ್ ಈ ಸಲವೂ ತುತ್ತು ಬಿಡಲಿಲ್ಲ. ಬಲೆಗೆ ಬಂತು, ಚಾಪೆಗೆ ಬಂತು. ಬಾಲದ ಮೇಲೆ ಕಚ್ಚು.

"ಡೋರೀನ್," ಎಂದು ಟೆರ್ರಿ ಟೊಪ್ಪಿಗೆ ತೆಗೆದ. "ಇಡೀ ಕ್ಲಬ್ಬಿನವರು ಎರಡು ವರ್ಷ ಬೆನ್ನುಬಿದ್ದರು. ಈ ಮನುಷ್ಯ ಒಂದೇ ಚಳಿಗಾಲದಲ್ಲಿ ಎರಡು ಸಲ."

ರೋಚ್ ಅನ್ನು ಬಿಡಿಸಿದಾಗ ವೀರಣ್ಣ ಬಗ್ಗಿ ನೋಡಿದ. ಈ ರೋಚ್ ನೆಟ್ಟಗೆ ಈಜಿಕೊಂಡು ಹೋಯಿತು. ಮೂರು ವಾರದಿಂದ ಹಿಡಿದಿಟ್ಟ ಉಸಿರನ್ನು ಅವನು ಆಗ ಬಿಟ್ಟ.

ರಾಮಪ್ರಸಾದರು ತನಿಖೆಯ ಉದ್ದೇಶಕ್ಕೆ ಮಾತ್ರ ಡೋರೀನ್‌ಳನ್ನು ಎತ್ತಿಕೊಂಡರು. ತನಿಖೆಯ ಉದ್ದೇಶಕ್ಕೆ ಮಾತ್ರ ಅವರ ಫೋಟೋ ತೆಗೆಯಲಾಯಿತು. ಒಂದು ಚೆನ್ನಾಗಿ ಬರಲಿಲ್ಲವೆಂದು ಇನ್ನೊಂದನ್ನೂ ತೆಗೆಯಲಾಯಿತು. ಕಾಶವ್ವ ಬಾಲದ ಕಡೆಗೆ ಸೆರಗು ಸರಿಮಾಡಿಕೊಂಡು ನಿಂತಳು.

"ಎಲ್ಲಾರೂ ಸರೀರಿ, ನನಗ ಕಾಣವೊಲ್ದು," ಎಂಬ ದನಿ ಹಿಂದಿನಿಂದ ಬಂತು.

ಚನ್ನಬಸವ್ವ ಕುರ್ಚಿಯನ್ನು ಹೂವಿನ ಕಡೆಯಿಂದ ಕೆರೆಯ ಕಡೆಗೆ ಯಾವಾಗಲೋ ತಿರುಗಿಸಿಕೊಂಡಿದ್ದಳು. ವೀರಣ್ಣನ ಕೈಯಿಂದ ಕೋಲು ಜಾರಿತು.

"ಯವ್ವಾ, ಅದು... ನಾ..."

"ಫೋಟೋ ನೋಡೀನಿ ಬಿಡೋ. ಬಿಜಾಪುರದಿಂದ ನನಗ ಎಂದೋ ಬಂದದ. ನೀನ ಹೇಳ್ತಿ ಅಂತ ಕಾಯ್ಲಿಕತ್ತಿದ್ನಿ." ಮುದುಕಿ ಎದ್ದು ಬಂದು ಪೈಕ್‌ನ ಹಲ್ಲುಗಳನ್ನು ಗಮನವಿಟ್ಟು ನೋಡಿದಳು. ಆಮೇಲೆ ಸೊಸೆಯ ಕಡೆ ತಿರುಗಿದಳು. "ನಿನ್ನ ತಮ್ಮಗ ಹಡಗ ಇತ್ತು, ಯಂತ್ರ ಇತ್ತು. ಹೌದಲ್ಲ? ನನ್ನ ಮಗಾ ರೊಟ್ಟಿ ಹಿಟ್ಟಿಲೆ ಹಿಡದಾನ. ಎರಡ ಸಲಾ. ಗುಂಪಿನ್ಯಾಗ ಹಾಕು."

ವೀರಣ್ಣ ಎಲ್ಲರೆದುರು ಡೋರೀನ್‌ಳನ್ನು ನೀರಿಗೆ ಬಿಟ್ಟ, ಮಹಾದೇವಿ ಫೋಟೋ ಹಾಕಿದಳು. ಗಂಡನ ಮೊದಲ ಫೋಟೋವನ್ನೇ ಹಾಕಿದಳು, ಆ ಹೊಳೆಯುವ ಮುಖದ್ದು. ಸಂಜೆಯೊಳಗೆ ವಿಸ್ಕಾನ್ಸಿನ್ನಿನಿಂದ ಉತ್ತರ ಬಂತು: "ಭಾವಾ, ಯಾವ ಹಿಟ್ಟು?"

ಯುಗಾದಿಯ ದಿನ ಶಾಲೆಯ ಹಾಲಿನಲ್ಲಿ ಪಾರ್ಕಿಂಗ್ ಯಾರು ನೋಡಿಕೊಂಡರೋ ವೀರಣ್ಣನಿಗೆ ತಿಳಿಯದು. ಅವನು ಹಂಡೆಯ ಹಿಂದೆ ನಿಂತಿದ್ದ, ಬಲಗೈಯಲ್ಲಿ ಸೌಟು, ಹಣೆಯಲ್ಲಿ ಹೊಸ ವಿಭೂತಿ. ಸಾಲು ಎಂದಿಗಿಂತ ನಿಧಾನವಾಗಿ ಸಾಗುತ್ತಿತ್ತು, ಯಾಕೆಂದರೆ ಪ್ರತಿಯೊಬ್ಬರೂ ತಟ್ಟೆ ಚಾಚಿ, "ಹಿಟ್ಟಿಗೆ ಬಿಸಿನೀರಾ, ತಣ್ಣೀರಾ?" ಎಂದು ಕೇಳುತ್ತಿದ್ದರು. ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡಿದ್ದ ಚನ್ನಬಸವ್ವ ಒಳಗೆ ಬರುವವರಿಗೆ ಬೇವುಬೆಲ್ಲ ಕೊಡುವ ಮೊದಲು ಫೋಟೋ ತೋರಿಸುತ್ತಿದ್ದಳು.

ಸಾಲಿನ ಕೊನೆಯಲ್ಲಿ ಟೆರ್ರಿ. ಕೋಟು ಹಾಕಿದ್ದ. ಬೂಟು ಮಾತ್ರ ಅದೇ. ವೀರಣ್ಣ ಅವನ ಮುಖ ನೋಡಿದ. ಸಾಕು ಎಂದರೆ ಇನ್ನೊಂದು ಸೌಟು ಎನ್ನುವ ಜಾತಿ. ಎರಡು ಸೌಟು ತುಂಬಿ ಹಾಕಿದ, ಮೇಲೆ ತುಪ್ಪ.

ಟೆರ್ರಿ ತಟ್ಟೆಯ ಭಾರ ನೋಡಿ ಗಾಬರಿಯಾದ. "ಇಷ್ಟೊಂದೇ? ಅರ್ಧ ವಾಪಸ್ ಹಾಕಿಬಿಡಲೇ?"

ವೀರಣ್ಣ ಸೌಟನ್ನು ನೆಟ್ಟಗೆ ಹಿಡಿದ. ಮೊದಲ ದಿನ ಕೆರೆಯ ದಂಡೆಯ ಮೇಲೆ ಟೆರ್ರಿ ಆಡಿದ್ದ ದನಿಯಲ್ಲೇ ತಾನೂ ಹೇಳಿದ:

"ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕೆರೆಯಲ್ಲಿ ಹಿಡಿದದ್ದನ್ನು ಬಿಡಬೇಕು. ಇಲ್ಲಿ ಹಾಕಿಸಿಕೊಂಡದ್ದನ್ನು ಬಿಡುವ ಹಾಗಿಲ್ಲ."